ಟಾಯ್ ಸ್ಟೋರಿ ನಾಲ್ಕನ್ನೂ ಒಂದೇ ರಜೆಯಲ್ಲಿ ತೋರಿಸಬೇಕೆ?

ಪ್ರಶ್ನೆ: ನಾನು ಬೆಳೆದದ್ದೇ ಟಾಯ್ ಸ್ಟೋರಿ ಜೊತೆ, ಜೀವ ಇರುವ ಆಟದ ಸಾಮಾನುಗಳ ಆ ಅನಿಮೇಶನ್ ಸಿನಿಮಾಗಳ ಜೊತೆ. ಮೊದಲನೆಯದನ್ನು ಎರಡನೇ ಕ್ಲಾಸಿನಲ್ಲಿದ್ದಾಗ ಬಾಡಿಗೆ ಸಿಡಿ ತಂದು ನೋಡಿದ್ದೆ. 2010ರಲ್ಲಿ ಮೂರನೆಯದು ಬಂದಾಗ ಕಾಲೇಜು. ಕೋರಮಂಗಲದ ಮಲ್ಟಿಪ್ಲೆಕ್ಸಿನಲ್ಲಿ ಗೆಳತಿಯರೆಲ್ಲ ಸೇರಿ ನೋಡಿ, ಅತ್ತುಕೊಂಡೇ ಆಚೆ ಬಂದೆವು. ಈಗ ಮಗಳಿಗೆ 10, ಮಗನಿಗೆ 6. ಈ ರಜೆಯಲ್ಲಿ ಒಂದು ವಾರ ಕೂತು ನಾಲ್ಕನ್ನೂ ತೋರಿಸೋಣ ಅಂತಿದ್ದೇನೆ. ಯಾವ ಕ್ರಮದಲ್ಲಿ ನೋಡಬೇಕು? ಮಗ ಬೇಗ ಹೆದರುತ್ತಾನೆ, ಇಂಗ್ಲಿಷೂ ಅಷ್ಟಕ್ಕಷ್ಟೆ. ಅಮ್ಮನ ಮನೆ ಅಟ್ಟದ ಮೇಲೆ ನನ್ನ ಹಳೇ ಆಟದ ಸಾಮಾನಿನ ಟ್ರಂಕ್ ಇದೆ, ಮಕ್ಕಳ ಕೈಗೆ ಕೊಡಬಹುದೆ? ಮಗಳಂತೂ ತಾನೇ ಗೊಂಬೆಗಳನ್ನು ಓಡಾಡಿಸಿ ಸಿನಿಮಾ ಮಾಡ್ತೀನಿ ಅಂತ ಕೂತಿದ್ದಾಳೆ.
(ಓದುಗರೊಬ್ಬರು, ವಿಜಯನಗರ, ಬೆಂಗಳೂರು)

ಉತ್ತರ: ಕ್ರಮದ ಪ್ರಶ್ನೆ ಸುಲಭ. ಬಿಡುಗಡೆಯಾದ ಕ್ರಮದಲ್ಲೇ ನೋಡಿ: 1995, 1999, 2010, 2019. ತೊಡಕಿರುವುದು ‘ಒಂದು ವಾರ’ ಎಂಬ ಮಾತಿನಲ್ಲಿ. ಅದನ್ನು ಕೈಬಿಡಿ.

ಆ ಇಸವಿಗಳ ನಡುವಿನ ಅಂತರವನ್ನೊಮ್ಮೆ ಎಣಿಸಿ. ಮೊದಲು 4 ವರ್ಷ, ಆಮೇಲೆ 11, ಆಮೇಲೆ 9. ಮೊದಲ ಚಿತ್ರದಲ್ಲಿ ಹುಟ್ಟುಹಬ್ಬದ ಗಲಾಟೆಯಲ್ಲಿದ್ದ, ಕೌಬಾಯ್ ಗೊಂಬೆ ವುಡಿ, ಬಾಹ್ಯಾಕಾಶ ವೀರನ ಗೊಂಬೆ ಬಜ಼್ ಇವರ ಒಡೆಯನಾದ ಪುಟ್ಟ ಆ್ಯಂಡಿ ಮೂರನೆಯದರಲ್ಲಿ 17ರ ಹುಡುಗ, ಗಂಟುಮೂಟೆ ಕಟ್ಟಿ ಕಾಲೇಜಿಗೆ ಹೊರಟಿದ್ದಾನೆ. ಈ ಮೂರರಲ್ಲೂ ಅವನಿಗೆ ದನಿ ಕೊಟ್ಟವರು ಜಾನ್ ಮಾರಿಸ್ ಒಬ್ಬರೇ. ಶುರುವಿನಲ್ಲಿ ಅವರೂ ಬಾಲಕರೇ, ಮೂರನೆಯದರ ಹೊತ್ತಿಗೆ ಇಪ್ಪತ್ತೈದರ ಆಸುಪಾಸಿನ ಯುವಕ. ಅಷ್ಟು ವರ್ಷ ನೀವೂ ಸುಮ್ಮನೆ ಕೂತಿರಲಿಲ್ಲ. ನಿಮ್ಮ ಗೊಂಬೆಗಳು ಟ್ರಂಕ್ ಸೇರಿದ್ದು, ಟ್ರಂಕ್ ಅಟ್ಟ ಸೇರಿದ್ದು ಅದೇ ಅವಧಿಯಲ್ಲಿ. ಕೋರಮಂಗಲದಲ್ಲಿ ನಿಮ್ಮನ್ನು ಅಳಿಸಿದ್ದರಲ್ಲಿ ಆ 11 ವರ್ಷಗಳ ಪಾಲು ದೊಡ್ಡದು. ಸೋಮವಾರ ಚಿಕ್ಕವನಾಗಿದ್ದ ಆ್ಯಂಡಿ ಬುಧವಾರ ಮನೆ ಬಿಟ್ಟು ಹೊರಟರೆ ನಿಮ್ಮ ಮಗನಿಗೆ ಏನೂ ಅನ್ನಿಸುವುದಿಲ್ಲ. ಅವನ ಪಾಲಿಗೆ ಮೂರನೆಯ ಚಿತ್ರವೆಂದರೆ ಗೊಂಬೆಗಳು ಜೈಲಿನಂಥ ಶಿಶುವಿಹಾರದಿಂದ ತಪ್ಪಿಸಿಕೊಂಡ ಕಥೆ, ಅಷ್ಟೆ. ಅದೂ ಚೆನ್ನಾಗಿಯೇ ಇದೆ ಅನ್ನಿ. ಆದರೆ ನೀವು ಅವನಿಗೆ ಕೊಡಬೇಕೆಂದಿರುವುದು ಅದನ್ನಲ್ಲವಲ್ಲ.

ಆದ್ದರಿಂದ ಅಂತರವನ್ನೂ ಸಿನಿಮಾದ ಭಾಗವೆಂದೇ ಲೆಕ್ಕ ಹಿಡಿಯಿರಿ. ಮಗನಿಗೆ ಈ ರಜೆಯಲ್ಲಿ ಮೊದಲನೆಯದು ಮಾತ್ರ. ಎರಡನೆಯದಕ್ಕೆ 7 ವರ್ಷ ತುಂಬಲಿ. ಮೂರನೆಯದು 9 ಅಥವಾ 10ಕ್ಕೆ, ನಾಲ್ಕನೆಯದು 11 ದಾಟಿದ ಮೇಲೆ. ಅಷ್ಟು ಕಾಯಲಾಗದು ಎಂದರೆ ಎರಡು ಚಿತ್ರಗಳ ನಡುವೆ ಕನಿಷ್ಠ ಒಂದು ಶಾಲಾ ವರ್ಷವಾದರೂ ಕಳೆಯಲಿ. ನಡುವೆ ‘ಇನ್ನೊಂದು’ ಎಂದು ಹಟ ಹಿಡಿದರೆ ಮೊದಲನೆಯದನ್ನೇ ಮತ್ತೆ ಹಾಕಿ. ಇರುವುದು 81 ನಿಮಿಷ. ಈ ವಯಸ್ಸಿನವರು ಒಂದೇ ಕಥೆಯನ್ನು ಹತ್ತು ಸಲ ಕೇಳಿದರೂ ದಣಿಯುವುದಿಲ್ಲ, ದಣಿಯುವವರು ನಾವು. ಬಾಯಿ ರುಚಿಗೆ ಕಿರುಚಿತ್ರಗಳೂ ಇವೆ. 2013ರ ‘ಟಾಯ್ ಸ್ಟೋರಿ ಆಫ್ ಟೆರರ್’, 2014ರ ‘ಟಾಯ್ ಸ್ಟೋರಿ ದಟ್ ಟೈಮ್ ಫರ್ಗಾಟ್’ ಎರಡೂ ಟಿವಿಗಾಗಿ ಮಾಡಿದವು, ಒಂದೊಂದೂ ಇಪ್ಪತ್ತು ನಿಮಿಷದ ಚಿಲ್ಲರೆ. ಆದರೆ ಅವುಗಳಲ್ಲಿ ಗೊಂಬೆಗಳು ಬಾನಿ ಎಂಬ ಹುಡುಗಿಯ ಪಾಲಾಗಿವೆ. ಹಾಗಾಗಿ ಅವು ಮೂರನೆಯದಕ್ಕೂ ನಾಲ್ಕನೆಯದಕ್ಕೂ ನಡುವೆ ಬರಬೇಕು. 2022ರ ‘ಲೈಟ್‌ಇಯರ್’ ಈ ಸರಣಿಯ ಕೊಂಡಿಯಲ್ಲ. 1995ರಲ್ಲಿ ಆ್ಯಂಡಿ ಥಿಯೇಟರಿನಲ್ಲಿ ನೋಡಿದ ಸಿನಿಮಾ ಎಂಬ ಕಲ್ಪನೆಯ ಮೇಲೆ ನಿಂತದ್ದು. ಸಣ್ಣವನಿಗೆ ಅದರಿಂದ ಗೊಂದಲವೇ ಹೆಚ್ಚು. ಬಿಟ್ಟರೆ ನಷ್ಟವಿಲ್ಲ.

ಮಗಳು ತಮ್ಮನಿಗಾಗಿ ಕಾಯಬೇಕಿಲ್ಲ. ಮೊದಲನೆಯದನ್ನು ಇಬ್ಬರೂ ಒಟ್ಟಿಗೆ ನೋಡಲಿ, ಎರಡನೆಯದನ್ನು ಅವಳು ಬರುವ ದಸರೆಗೆ ನೋಡಲಿ, ಮೂರನೆಯದನ್ನು ಮುಂದಿನ ಬೇಸಿಗೆಗೆ. ತಮ್ಮ ಮಲಗಿದ ಮೇಲೆ ಅಮ್ಮನೂ ಮಗಳೂ ಕೂತು ನೋಡಿದ ಸಿನಿಮಾ, ಅವನಿಗೆ ಹೇಳಬಾರದ ಗುಟ್ಟು: ಹತ್ತರ ಹುಡುಗಿಗೆ ಇದಕ್ಕಿಂತ ದೊಡ್ಡ ಬಡ್ತಿ ಇಲ್ಲ.

ಐದನೆಯ ಚಿತ್ರಕ್ಕೆ ನಿಗದಿಯಾದ ದಿನ 2026ರ ಜೂನ್ 19. ಕ್ಲಾಸಿನವರೆಲ್ಲ ನೋಡಿ ಬಂದು ಮಾತಾಡುವಾಗ ಮಗನನ್ನು ಮನೆಯಲ್ಲಿ ಕಟ್ಟಿಹಾಕಬೇಡಿ. ಕರೆದುಕೊಂಡು ಹೋಗಿ. ಹೋಗುವ ದಾರಿಯಲ್ಲಿ ಎರಡು ಮಾತು ಹೇಳಿದರೆ ಸಾಕು: ಆ್ಯಂಡಿ ದೊಡ್ಡವನಾಗಿ ಗೊಂಬೆಗಳನ್ನು ಬಾನಿಗೆ ಕೊಟ್ಟ, ವುಡಿ ಮಾತ್ರ ಆಮೇಲೆ ಬೇರೆ ದಾರಿ ಹಿಡಿದ. ಮುಂದಿನದೆಲ್ಲ ಮೊದಲೇ ತಿಳಿದುಬಿಡುತ್ತದೆ ಎಂದು ಕಸಿವಿಸಿ ಬೇಡ. ತಿಳಿದಿರುವುದು ಬೇರೆ, ಆ ವಯಸ್ಸಿಗೆ ಬಂದು ನೋಡುವುದು ಬೇರೆ.

ಇನ್ನು ಹೆದರಿಕೆ. ಮೊದಲನೆಯದರಲ್ಲಿ ಮಕ್ಕಳು ಬೆಚ್ಚುವುದು ಒಂದೇ ಕಡೆ, ಗೊಂಬೆಗಳನ್ನು ಮುರಿದು ಜೋಡಿಸುವ ಪಕ್ಕದ ಮನೆ ಹುಡುಗ ಸಿಡ್‌ನ ಕೋಣೆಯಲ್ಲಿ. ಬೊಂಬೆಯ ಬೋಳು ತಲೆಗೆ ಜೇಡದಂಥ ಕಬ್ಬಿಣದ ಕಾಲುಗಳು, ಮಂಚದ ಕೆಳಗಿನ ಕತ್ತಲಿನಿಂದ ತೆವಳಿ ಬರುತ್ತದೆ. ಅಲ್ಲಿನ ಇಂಥ ಗೊಂಬೆಗಳು ತಿನ್ನಲು ಬಂದವಲ್ಲ, ರಿಪೇರಿ ಮಾಡಲು ಬಂದವು ಎಂಬುದು ಕೊಂಚ ಹೊತ್ತಿನಲ್ಲೇ ಗೊತ್ತಾಗುತ್ತದೆ. ಕಿತ್ತುಬಂದ ಬಜ಼್‌ನ ತೋಳನ್ನು ಜೋಡಿಸಿಕೊಡುವವೂ ಅವೇ. ತಪ್ಪಾಗುವುದು ಎಲ್ಲಿ ಎಂದರೆ, ಮಗು ಕಣ್ಣು ಮುಚ್ಚಿಕೊಂಡ ತಕ್ಷಣ ಅಪ್ಪನೋ ಅಮ್ಮನೋ ಟಿವಿ ಆರಿಸಿ ‘ಆಯ್ತು, ನಾಳೆ ನೋಡೋಣ’ ಎನ್ನುತ್ತಾರೆ. ಆ ಜೇಡದ ಬೊಂಬೆ ಆ ರಾತ್ರಿಯಿಡೀ ಮಂಚದ ಕೆಳಗೇ ಉಳಿಯುತ್ತದೆ. ಹೆದರಿಕೆಯ ಮಧ್ಯದಲ್ಲಿ ಎಂದೂ ನಿಲ್ಲಿಸಬೇಡಿ. ತೊಡೆಯ ಮೇಲೆ ಕೂರಿಸಿಕೊಳ್ಳಿ, ದನಿ ತಗ್ಗಿಸಿ, ದೀಪ ಹಾಕಿ, ಆದರೆ ಅವು ಬಜ಼್‌ನನ್ನು ಸರಿಮಾಡುವ ತನಕ ನೋಡಿಯೇ ತೀರಿ. ಎರಡು ಕಂತಿನಲ್ಲಿ ನೋಡುವುದಾದರೆ ಪಿಜ್ಜಾ ಅಂಗಡಿಗೆ ವುಡಿ, ಬಜ಼್ ಇಬ್ಬರೂ ಬಂದು ಮುಟ್ಟುವ ಹೊತ್ತಿಗೆ ನಿಲ್ಲಿಸಿ, ಗೊಂಬೆ ಎತ್ತುವ ಯಂತ್ರದ ಹತ್ತಿರ ಸಿಡ್ ಬರುವ ಮುಂಚೆ. ಅಲ್ಲಿಗೆ ಸುಮಾರು ಅರ್ಧ ಸಿನಿಮಾ ಆಗಿರುತ್ತದೆ.

ಎರಡನೆಯದರಲ್ಲಿ (92 ನಿಮಿಷ) ಹೆದರಿಕೆ ಕಡಿಮೆ, ಸಂಕಟ ಜಾಸ್ತಿ. ತೋಳು ಹರಿದ ವುಡಿಗೆ ಬೀಳುವ ಕೆಟ್ಟ ಕನಸು ಒಂದು. ಇನ್ನೊಂದು, ಒಡತಿ ಬೆಳೆದು ದೊಡ್ಡವಳಾಗಿ ಜೆಸ್ಸಿ ಎಂಬ ಗೊಂಬೆಯನ್ನು ಮರೆಯುವ ಹಾಡು. ಆರು ವರ್ಷದವರು ಆ ಹಾಡಿನಲ್ಲಿ ಎದ್ದು ನೀರು ಕುಡಿಯಲು ಹೋಗುತ್ತಾರೆ, ಹತ್ತರವರು ಕದಲುವುದಿಲ್ಲ. ಮಗು ಯಾವ ಚಿತ್ರಕ್ಕೆ ಸಿದ್ಧವಾಗಿದೆ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಅಳತೆಗೋಲು ಬೇಕಿಲ್ಲ.

ಮೂರನೆಯದು (103 ನಿಮಿಷ) ನಿಜಕ್ಕೂ ಭಾರ. ಕಸದ ಲಾರಿ, ಕಸ ಅರೆಯುವ ಯಂತ್ರ, ಕೊನೆಗೆ ಕುಲುಮೆ; ಬೇರೆ ದಾರಿ ಕಾಣದೆ ಗೊಂಬೆಗಳೆಲ್ಲ ಒಬ್ಬರ ಕೈ ಒಬ್ಬರು ಹಿಡಿದುಕೊಳ್ಳುತ್ತವೆ. ಸಾವನ್ನು ಒಪ್ಪಿಕೊಳ್ಳುವ ದೃಶ್ಯ ಅದು. ಮಕ್ಕಳ ಸಿನಿಮಾದಲ್ಲಿ ಹೀಗೆ ಎದುರಿಗೇ ಇಟ್ಟು ತೋರಿಸಿದ್ದು ಅಪರೂಪ. ಇಲ್ಲಿ ಎರಡು ಎಚ್ಚರಿಕೆ. ಒಂದು, ಕಸದ ಲಾರಿ ಬಂದ ಮೇಲೆ ಬಾಗಿಲ ಬೆಲ್ ಹೊಡೆದರೂ ಏಳಬೇಡಿ. ಹಸಿರು ಮುಖದ ಮೂರು ಪುಟಾಣಿಗಳು ಕ್ರೇನ್ ತಂದು ಎತ್ತುವವರೆಗೆ ಒಂದೇ ಉಸಿರಿನಲ್ಲಿ ನೋಡಬೇಕು. ಎರಡು, ಮನೆಯಲ್ಲಿ ಅಜ್ಜನೋ ಅಜ್ಜಿಯೋ ತೀರಿಕೊಂಡು ವರ್ಷ ತುಂಬಿಲ್ಲದಿದ್ದರೆ ಈ ಚಿತ್ರವನ್ನು ಮುಂದಕ್ಕೆ ಹಾಕಿ. ಬೆಂಕಿ ಎಂದರೆ ಏನು ಎಂದು ಕಂಡ ಮಗುವಿಗೆ ಅದು ಗೊಂಬೆಯ ಕಥೆಯಾಗಿ ಉಳಿಯುವುದಿಲ್ಲ.

ನಾಲ್ಕನೆಯದರಲ್ಲಿ (100 ನಿಮಿಷ) ಹಳೇ ಸಾಮಾನಿನ ಅಂಗಡಿಯೊಳಗೆ ಓಡಾಡುವ ಮಾತಾಡದ ದೊಡ್ಡ ಗೊಂಬೆಗಳು ಕೆಲವರಿಗೆ ಸಿಡ್‌ನ ಕೋಣೆಗಿಂತ ಭಯಾನಕ. ಅದು ಬಿಟ್ಟರೆ ಇದು ದೊಡ್ಡವರ ಸಿನಿಮಾ. ತನ್ನ ಕೆಲಸ ಮುಗಿಯಿತು ಎಂದು ಒಪ್ಪಿಕೊಳ್ಳುವವನ ಕಥೆ ಚಿಕ್ಕವರಿಗೆ ಏಕೆ ಬೇಕು? ಅವರಿಗೆ ಪ್ಲಾಸ್ಟಿಕ್ ಚಮಚದಿಂದ ಮಾಡಿದ ಗೊಂಬೆ ಫೋರ್ಕಿ ಸಾಕು, ಅವನನ್ನು ಕಂಡು ಬಿದ್ದು ಬಿದ್ದು ನಗುತ್ತಾರೆ.

ಇಂಗ್ಲಿಷ್ ಬಾರದು ಎಂಬ ಚಿಂತೆ ಅಷ್ಟು ದೊಡ್ಡದಲ್ಲ. ನಮ್ಮಲ್ಲಿ ಡಬ್ಬಿಂಗ್‌ಗೆ ದಶಕಗಳ ಕಾಲ ಚಿತ್ರೋದ್ಯಮದ ಅಘೋಷಿತ ತಡೆ ಇತ್ತು. ಮಾರುಕಟ್ಟೆಯ ಪೈಪೋಟಿಗೆ ಅಡ್ಡಿ ಬಾರದಂತೆ ಕಾಯುವ ಸ್ಪರ್ಧಾ ಆಯೋಗ ಅದನ್ನು ತಪ್ಪೆಂದಿದ್ದು 2015ರಲ್ಲಿ. ಹಾಗಾಗಿ ಕನ್ನಡ ಮನೆಗಳ ಮಕ್ಕಳು ಇಂಥ ಚಿತ್ರಗಳನ್ನು ಅರ್ಧಂಬರ್ಧ ಮಾತು ತಿಳಿದುಕೊಂಡೇ ನೋಡಿ ಬೆಳೆದವರು. ನೀವೂ ಹಾಗೇ ನೋಡಿದ್ದಿರಬಹುದು. ಆದರೆ ಪಕ್ಕದಲ್ಲಿ ಕೂತು ಸಾಲು ಸಾಲಿಗೂ ಅನುವಾದ ಹೇಳುವ ಕೆಲಸಕ್ಕೆ ಕೈಹಾಕಬೇಡಿ. ಮಗು ನಿಮ್ಮ ಮುಖ ನೋಡುತ್ತದೆ, ಪರದೆ ನೋಡುವುದಿಲ್ಲ. ಯಕ್ಷಗಾನಕ್ಕೆ ಹೋಗುವವರಿಗೆ ಪ್ರಸಂಗ ಮೊದಲೇ ಗೊತ್ತಿರುತ್ತದೆ, ಆದರೂ ಬೆಳತನಕ ಕೂರುತ್ತಾರೆ. ಅದೇ ದಾರಿ ಹಿಡಿಯಿರಿ. ಹಿಂದಿನ ರಾತ್ರಿ ಮಲಗುವಾಗ ಇಡೀ ಕಥೆಯನ್ನು ಹತ್ತು ನಿಮಿಷದಲ್ಲಿ ಕನ್ನಡದಲ್ಲಿ ಹೇಳಿ. ಹೇಳುವಾಗ ‘ಆಟಿಕೆ’ ಎಂಬ ಪುಸ್ತಕದ ಪದ ಬೇಡ, ‘ಆಟದ ಸಾಮಾನು’ ಎನ್ನಿ. ತಾನು ಬಾಹ್ಯಾಕಾಶದ ವೀರ ಎಂದು ನಂಬಿದ್ದ ಬಜ಼್‌ಗೆ ‘ನೀನೂ ಒಂದು ಆಟದ ಸಾಮಾನು ಕಣೋ’ ಎಂದು ಗೊತ್ತಾದಾಗ ಆಗುವ ಅವಮಾನ ಆ ‘ಸಾಮಾನು’ ಎಂಬ ಮಾತಿನಲ್ಲಿ ಚೆನ್ನಾಗಿ ಮುಟ್ಟುತ್ತದೆ. ಸಣ್ಣವನಿಗೆ ಸಬ್‌ಟೈಟಲ್ ಹಾಕಬೇಡಿ, ಓದಲಾಗದ ಅಕ್ಷರ ಕಣ್ಣನ್ನು ಎಳೆಯುತ್ತದೆ. ಮಗಳು ಒಬ್ಬಳೇ ನೋಡುವಾಗ ಇಂಗ್ಲಿಷ್ ಸಬ್‌ಟೈಟಲ್ ಇರಲಿ.

ಟಿವಿಯಲ್ಲಿ ಮಾಡಬೇಕಾದ್ದು ಮುಖ್ಯವಾಗಿ ಒಂದು: ಚಲನೆಯನ್ನು ನುಣುಪುಗೊಳಿಸುವ ಸೆಟ್ಟಿಂಗ್ ಆರಿಸಿ. ಸ್ಯಾಮ್‌ಸಂಗ್‌ನಲ್ಲಿ ಆಟೋ ಮೋಶನ್ ಪ್ಲಸ್, ಎಲ್‌ಜಿಯಲ್ಲಿ ಟ್ರೂಮೋಶನ್, ಸೋನಿಯಲ್ಲಿ ಮೋಶನ್‌ಫ್ಲೋ ಎಂಬ ಹೆಸರಿನಲ್ಲಿ ಇರುತ್ತದೆ. ಸಿನಿಮಾದಲ್ಲಿರುವುದು ಸೆಕೆಂಡಿಗೆ 24 ಚಿತ್ರ. ಟಿವಿ ತಾನೇ ಊಹಿಸಿ ನಡುವೆ ಇನ್ನಷ್ಟು ತುರುಕುತ್ತದೆ. ಆಗ ಎಲ್ಲವೂ ಧಾರಾವಾಹಿಯಂತೆ ಜಾರುತ್ತದೆ, ಬೇಗ ಓಡುವ ಕೈಕಾಲಿನ ಅಂಚು ಕಲಸಿಹೋಗುತ್ತದೆ. ಮೊದಲ ಮೂರು ಚಿತ್ರಗಳ ಅಗಲಕ್ಕೂ ಎತ್ತರಕ್ಕೂ ಇರುವ ಪ್ರಮಾಣ 1.85ಕ್ಕೆ 1, ಟಿವಿಗೆ ಹೆಚ್ಚುಕಮ್ಮಿ ಸರಿಹೋಗುತ್ತದೆ. ನಾಲ್ಕನೆಯದು 2.39ಕ್ಕೆ 1, ಅಗಲ ಜಾಸ್ತಿ. 43 ಇಂಚಿನ ಟಿವಿಯಲ್ಲಿ ಮೇಲೆ ಕೆಳಗೆ ತಲಾ 7 ಸೆಂ.ಮೀ. ಕಪ್ಪು ಪಟ್ಟಿ ಬರುತ್ತದೆ. ಅದು ದೋಷವಲ್ಲ. ಅದನ್ನು ತುಂಬಲು ಜೂಮ್ ಒತ್ತಿದರೆ ಎಡಬಲದಲ್ಲಿ ನಿಂತ ಪಾತ್ರಗಳು ಕತ್ತರಿಸಿಹೋಗುತ್ತವೆ. ಮಾತು ಪಿಸುಗುಟ್ಟಿದಂತೆ, ಸಂಗೀತ ಅಬ್ಬರಿಸಿದಂತೆ ಕೇಳಿಸಿದರೆ ಆಡಿಯೊ ಪಟ್ಟಿಯಲ್ಲಿ 5.1 ಬಿಟ್ಟು ಸ್ಟೀರಿಯೊ ಆರಿಸಿ.

ಮಕ್ಕಳು ಒಂದು ಪ್ರಶ್ನೆ ಕೇಳಿಯೇ ಕೇಳುತ್ತಾರೆ: ಗೊಂಬೆಗಳು ಇಷ್ಟು ಚೆಂದ ಇವೆ, ಮನುಷ್ಯರ ಮುಖ ಏಕೆ ಹೀಗೆ? ಉತ್ತರ ತಿಳಿದಿರಲಿ. ಪೂರ್ತಿ ಕಂಪ್ಯೂಟರಿನಲ್ಲೇ ತಯಾರಾದ ಮೊದಲ ಪೂರ್ಣಾವಧಿ ಚಿತ್ರ 1995ರದು. ಆಗಿನ ಕಂಪ್ಯೂಟರ್ ಏನು ಬಿಡಿಸಿದರೂ ಪ್ಲಾಸ್ಟಿಕ್ಕಿನಂತೆ ಹೊಳೆಯುತ್ತಿತ್ತು. ಚರ್ಮ, ಕೂದಲು, ಬಟ್ಟೆಯ ನೆರಿಗೆ ಕೈಗೆ ಹತ್ತುತ್ತಿರಲಿಲ್ಲ. ಪ್ಲಾಸ್ಟಿಕ್ಕೇ ಬರುತ್ತದೆ ಎಂದ ಮೇಲೆ ಪ್ಲಾಸ್ಟಿಕ್ ಗೊಂಬೆಗಳ ಕಥೆಯೇ ಜಾಣತನ. ಆ ಒಂದು ಚಿತ್ರಕ್ಕೆ 1,14,240 ಫ್ರೇಮ್‌ಗಳು. ಒಂದೊಂದು ಫ್ರೇಮ್ ಸಿದ್ಧವಾಗಲು 45 ನಿಮಿಷದಿಂದ 30 ಗಂಟೆ. ಅದಕ್ಕಾಗಿ 117 ಕಂಪ್ಯೂಟರ್ ಹಗಲೂ ರಾತ್ರಿ ದುಡಿದವು. ವುಡಿಯೊಬ್ಬನನ್ನು ಆಡಿಸಲು 723 ಹಿಡಿಕೆಗಳು, ಅದರಲ್ಲಿ 212 ಮುಖಕ್ಕೆ, ಬಾಯಿಗೇ 58. ತೊಗಲುಗೊಂಬೆಯ ಕಡ್ಡಿಗಳು ಇಲ್ಲಿ ಕಂಪ್ಯೂಟರಿನೊಳಗೆ ಇವೆ ಎಂದರೆ ಮಗಳಿಗೆ ಅರ್ಥವಾಗುತ್ತದೆ. ಮೂರನೆಯ ಚಿತ್ರಕ್ಕೆ ಬಂದಾಗ ಕರಡಿಯ ಜೂಲು, ಕಸದ ಚೀಲದ ಸುಕ್ಕು, ನಾಲ್ಕನೆಯದರಲ್ಲಿ ಹಳೇ ಅಂಗಡಿಯ ಧೂಳು, ಜೇಡರ ಬಲೆ ತೋರಿಸಿ. ಸರಣಿಯೂ ಅವರಂತೆಯೇ ಬೆಳೆದಿದೆ ಎಂಬುದು ಕಣ್ಣಿಗೇ ಕಾಣುತ್ತದೆ. ಎರಡನೆಯದನ್ನು ತಯಾರಿಸುತ್ತಿದ್ದಾಗ ತಪ್ಪು ಆಜ್ಞೆಯೊಂದರಿಂದ ಚಿತ್ರದ ಬಹುಪಾಲು ಫೈಲುಗಳು ಅಳಿಸಿಹೋದವು. ಆಫೀಸಿನ ಬ್ಯಾಕಪ್ ಕೆಲಸ ಮಾಡುತ್ತಿರಲಿಲ್ಲ. ಚಿತ್ರತಂಡದ ಗ್ಯಾಲಿನ್ ಸಸ್ಮನ್ ಬಾಣಂತಿಯಾಗಿದ್ದಾಗ ಮನೆಯಿಂದ ಕೆಲಸ ಮಾಡಲೆಂದು ಇಟ್ಟುಕೊಂಡಿದ್ದ ಪ್ರತಿಯಿಂದ ಚಿತ್ರ ಉಳಿಯಿತು. ಮಗಳು ತನ್ನ ಸಿನಿಮಾದ ಫೋಟೊಗಳನ್ನು ಇನ್ನೊಂದು ಕಡೆಯೂ ಇಟ್ಟುಕೊಳ್ಳುವಂತೆ ಮಾಡಲು ಈ ಕಥೆ ಸಾಕು.

ಟ್ರಂಕ್ ವಿಷಯ. ಎಲ್ಲವನ್ನೂ ಒಮ್ಮೆಗೇ ಮಕ್ಕಳ ಮುಂದೆ ಸುರಿಯುವ ಮೊದಲು ನೀವೊಬ್ಬರೇ ಕೂತು ಆರಿಸಿ. ಬ್ಯಾಟರಿ ಜಾಗಗಳನ್ನು ಮೊದಲು ತೆರೆಯಿರಿ. 90ರ ದಶಕದ ಸೆಲ್ ಒಳಗೇ ಉಳಿದಿದ್ದರೆ ಸೋರಿ ಪುಡಿ ಕಟ್ಟಿರುತ್ತದೆ. ಕೈಗವಸು ಹಾಕಿಕೊಂಡು ಸೆಲ್ ತೆಗೆಯಿರಿ. ಆಲ್ಕಲೈನ್ ಸೆಲ್ ಸೋರಿದ್ದರೆ ವಿನೆಗರ್ ಅದ್ದಿದ ಹತ್ತಿಕಡ್ಡಿಯಿಂದ ಒರೆಸಿ. ಮಾಮೂಲಿ ಅಗ್ಗದ ಜಿಂಕ್ ಸೆಲ್ ಆಗಿದ್ದರೆ ಅಡುಗೆ ಸೋಡಾವನ್ನು ನೀರಿನಲ್ಲಿ ಕಲಸಿದ್ದು. ಮೊದಲನೆಯದು ಕ್ಷಾರ, ಎರಡನೆಯದು ಆಮ್ಲ, ಅದಕ್ಕೇ ಮದ್ದು ಅದಲುಬದಲು. ಆಮೇಲೆ ಒದ್ದೆ ಬಟ್ಟೆಯಿಂದ ಒರೆಸಿ ಒಂದು ದಿನ ಒಣಗಲು ಬಿಡಿ. ಮೆತ್ತನೆಯ ಪ್ಲಾಸ್ಟಿಕ್ ಬೊಂಬೆಗಳು ಅಂಟಂಟಾಗಿದ್ದರೆ ಅದು ಕೊಳೆಯಲ್ಲ. ಪ್ಲಾಸ್ಟಿಕ್ಕನ್ನು ಮೆತ್ತಗಿಡಲು ಬೆರೆಸಿದ ಎಣ್ಣೆಯಂಥ ದ್ರವ ಹೊರಗೆ ಬಂದಿರುತ್ತದೆ, ತೊಳೆದರೂ ಮತ್ತೆ ಬರುತ್ತದೆ. ಅಂಥವು ಕಪಾಟಿನಲ್ಲಿರಲಿ, ಕೈಗೆ ಬೇಡ. ಬಣ್ಣ ಎದ್ದ ತಗಡು, ಮರದ ಸಾಮಾನೂ ಹಾಗೆಯೇ, ಹಳೇ ಬಣ್ಣದಲ್ಲಿ ಸೀಸ ಇರಬಹುದು. ನಮ್ಮಲ್ಲಿ ಆಟದ ಸಾಮಾನಿಗೆ ಐಎಸ್‌ಐ ಗುರುತು ಕಡ್ಡಾಯವಾದದ್ದೇ 2021ರ ಜನವರಿಯಿಂದ. ಬಟ್ಟೆ ಗೊಂಬೆಗಳನ್ನು ದಿಂಬಿನ ಚೀಲದಲ್ಲಿ ಹಾಕಿ ತಣ್ಣೀರಿನಲ್ಲಿ ಒಗೆದು ನೆರಳಿನಲ್ಲಿ ಎರಡು ದಿನ ಒಣಗಿಸಿ. ಒಳಗಿನ ಹತ್ತಿ ಹಸಿ ಉಳಿದರೆ ಮುಗ್ಗಲು ಹಿಡಿಯುತ್ತದೆ.

ಟ್ರಂಕ್ ಇಳಿಸಲು ಈಗಲೇ ಅವಸರ ಬೇಡ. ದಸರೆಯವರೆಗೆ ತಡೆಯಿರಿ. ಎರಡನೆಯ ಚಿತ್ರವನ್ನು ಮಗಳಿಗೆ ದಸರೆಗೆ ತೋರಿಸಿ ಎಂದದ್ದೂ ಇದಕ್ಕೇ. ಆ ಚಿತ್ರದ ಪ್ರಶ್ನೆ ಇಷ್ಟೇ: ಗಾಜಿನ ಹಿಂದೆ ಸವೆಯದೆ ಶಾಶ್ವತವಾಗಿ ಇರುವುದು ಮೇಲೋ, ಒಂದು ಮಗುವಿನ ಕೈಯಲ್ಲಿ ಹರಿದು ಹಾಳಾಗುವುದು ಮೇಲೋ? ಗೊಂಬೆ ಕೂರಿಸುವ ಮನೆಯ ಮಕ್ಕಳಿಗೆ ಇದು ಹೊಸ ಪ್ರಶ್ನೆಯಲ್ಲ. ಪಟ್ಟದ ಗೊಂಬೆಯ ರಾಜ ರಾಣಿ ವರ್ಷವಿಡೀ ಪೆಟ್ಟಿಗೆಯಲ್ಲಿ ಮಲಗಿ, ಹತ್ತು ದಿನ ಮೆಟ್ಟಿಲ ಮೇಲೆ ಕೂತು, ಮತ್ತೆ ಬಟ್ಟೆ ಸುತ್ತಿಕೊಂಡು ಒಳಗೆ ಹೋಗುತ್ತಾರೆ. ತಾಯಿಯಿಂದ ಮಗಳಿಗೆ ದಾಟುತ್ತಾರೆ, ಆದರೆ ಯಾರೂ ಅವರೊಡನೆ ಆಡುವುದಿಲ್ಲ. ‘ಮುಟ್ಟಬೇಡ’ ಎಂದು ಮಕ್ಕಳಿಗೆ ಎಷ್ಟು ಸಲ ಹೇಳಿರುತ್ತೀರಿ! ಗೊಂಬೆ ಕೂರಿಸಿದ ಸಂಜೆ ಚಿತ್ರ ಹಾಕಿ, ಮರುದಿನ ನಿಮ್ಮ ಟ್ರಂಕ್ ಇಳಿಸಿ. ಯಾವುದು ಮೆಟ್ಟಿಲಿಗೆ, ಯಾವುದು ಆಟಕ್ಕೆ ಎಂದು ಮಗಳೇ ವಿಂಗಡಿಸಲಿ. ನಿಮಗೆ ತೀರಾ ಪ್ರಿಯವಾದ ಒಂದೆರಡನ್ನು ಮಾತ್ರ ಮೊದಲೇ ಎತ್ತಿಟ್ಟುಕೊಳ್ಳಿ. ಕೊಟ್ಟ ಮೇಲೆ ‘ಹುಷಾರು, ಹುಷಾರು’ ಎಂದು ಹಿಂದೆ ಬೀಳುವುದಕ್ಕಿಂತ ಕೊಡದಿರುವುದು ವಾಸಿ.

ಇನ್ನು ಮಗಳ ಸಿನಿಮಾ. ಕಂಪ್ಯೂಟರ್ ಬೇಡ, ಫೋನು ಸಾಕು. ಗೊಂಬೆಯನ್ನು ಚೂರು ಚೂರೇ ಸರಿಸುತ್ತ ಫೋಟೊ ತೆಗೆಯುವ ಸ್ಟಾಪ್ ಮೋಶನ್ ವಿಧಾನ ಇದು. ಸೆಕೆಂಡಿಗೆ 12 ಫೋಟೊ ಎಂದು ಇಟ್ಟುಕೊಳ್ಳಿ. 24 ಬೇಡ, ಕೆಲಸ ಎರಡರಷ್ಟಾಗಿ ಮಕ್ಕಳು ಅರ್ಧಕ್ಕೆ ಬಿಡುತ್ತಾರೆ. ‘ಸ್ಟಾಪ್ ಮೋಶನ್ ಸ್ಟುಡಿಯೋ’ ಎಂಬ ಆ್ಯಪ್‌ನ ಉಚಿತ ಆವೃತ್ತಿ ಇಷ್ಟಕ್ಕೆ ಧಾರಾಳ. ಅದರಲ್ಲಿ ಹಿಂದಿನ ಫೋಟೊ ಮಸುಕಾಗಿ ಮೇಲೆ ಕಾಣುವ ಸೌಲಭ್ಯವಿದೆ. ಇಂಗ್ಲಿಷಿನವರು ಅದನ್ನು ಈರುಳ್ಳಿ ಸಿಪ್ಪೆ ಎನ್ನುತ್ತಾರೆ. ಗೊಂಬೆ ಎಷ್ಟು ಸರಿದಿದೆ ಎಂದು ಅದರಿಂದಲೇ ತಿಳಿಯುವುದು, ಮರೆಯದೆ ಹಾಕಿಕೊಳ್ಳಿ.

ಜಾಗ ನೆಲದ ಮೇಲಿರಲಿ. ಮೇಜು ಮೊಣಕೈ ತಗುಲಿ ಅಲುಗುತ್ತದೆ, ಮಂಚವಂತೂ ಬೇಡವೇ ಬೇಡ. ದೊಡ್ಡ ಬಿಳಿ ಚಾರ್ಟ್ ಪೇಪರನ್ನು ಗೋಡೆಯಿಂದ ನೆಲಕ್ಕೆ ಮಡಿಕೆ ಬೀಳದಂತೆ ಬಾಗಿಸಿ ಟೇಪ್ ಹಾಕಿ. ಫೋನಿಗೆ ಚಿಕ್ಕ ಟ್ರೈಪಾಡ್ ಬೇಕಿದ್ದರೆ ಎಸ್.ಪಿ. ರೋಡಿನಲ್ಲಿ ಸಿಗುತ್ತದೆ. ಇಲ್ಲವಾದರೆ ಅಕ್ಕಿ ತುಂಬಿದ ಸ್ಟೀಲ್ ಡಬ್ಬಿಗೆ ಫೋನನ್ನು ಎರಡು ರಬ್ಬರ್ ಬ್ಯಾಂಡಿನಿಂದ ಬಿಗಿಯಿರಿ, ಟ್ರೈಪಾಡಿಗಿಂತ ಗಟ್ಟಿ. ಕಿಟಕಿ ಪರದೆ ಎಳೆದು, 9 ವಾಟಿನ ಎರಡು ಎಲ್‌ಇಡಿ ಬಲ್ಬುಗಳನ್ನು ಎಡಕ್ಕೊಂದು ಬಲಕ್ಕೊಂದು ಎರಡು ಮೂರು ಅಡಿ ದೂರದಲ್ಲಿ ಇಡಿ. ಕ್ಯಾಮೆರಾದಲ್ಲಿ ಫೋಕಸ್, ಬೆಳಕು, ಬಣ್ಣ ಮೂರನ್ನೂ ಲಾಕ್ ಮಾಡಿ. ಫೋನು ಏರೋಪ್ಲೇನ್ ಮೋಡಿನಲ್ಲಿರಲಿ. ಫೋಟೊ ಒತ್ತುವಾಗ ಫೋನ್ ಮುಟ್ಟಬಾರದು; ಇಯರ್‌ಫೋನಿನ ವಾಲ್ಯೂಮ್ ಗುಂಡಿ ಅಥವಾ 2 ಸೆಕೆಂಡಿನ ಟೈಮರ್ ಬಳಸಿ.

ಹೆಚ್ಚಿನವರ ಸಿನಿಮಾ ಹಾಳಾಗುವುದು ಮಿನುಗಿನಿಂದ. ಓಡಿಸಿ ನೋಡಿದರೆ ಬೆಳಕು ಹೆಚ್ಚು ಕಡಿಮೆ, ಹೆಚ್ಚು ಕಡಿಮೆ ಆಗುತ್ತಿರುತ್ತದೆ. ಕಾರಣ ಮೂರರಲ್ಲೊಂದು. ಕ್ಯಾಮೆರಾ ಲಾಕ್ ಆಗಿಲ್ಲ. ಕಿಟಕಿಯಿಂದ ಬೆಳಕು ಬರುತ್ತಿದ್ದು ಮೋಡ ಸರಿದಿದೆ. ಅಥವಾ ಮಗಳ ಬಿಳಿ ಫ್ರಾಕ್ ಬೆಳಕನ್ನು ಗೊಂಬೆಯ ಮೇಲೆ ಎರಚುತ್ತಿದೆ. ಗಾಢ ಬಣ್ಣದ ಅಂಗಿ ಹಾಕಿಸಿ, ಪ್ರತಿ ಫೋಟೊಗೂ ಒಂದೇ ಜಾಗಕ್ಕೆ ಹಿಂದೆ ಸರಿದು ಕೂರಲಿ. ಇಷ್ಟಾದರೂ ಅಡ್ಡ ಪಟ್ಟಿ ಬಂದರೆ ಶಟರ್ ವೇಗವನ್ನು 1/50 ಅಥವಾ 1/100ಕ್ಕೆ ಇಡಿ, ನಮ್ಮ ವಿದ್ಯುತ್ತು 50 ಹರ್ಟ್ಜ್ ಆದ್ದರಿಂದ.

ಗೊಂಬೆ ಯಾವುದು? ಚನ್ನಪಟ್ಟಣದವು ಚೆಂದ. ಮೈಸೂರು ರಸ್ತೆಯಲ್ಲಿ 60 ಕಿ.ಮೀ. ದೂರ ಅಷ್ಟೆ, ಅಲ್ಲಿಗೆ ಹೋಗಲಾಗದಿದ್ದರೆ ಎಂ.ಜಿ. ರೋಡಿನ ಕಾವೇರಿ ಎಂಪೋರಿಯಂ. ಆಲೆಮರವನ್ನು ತಿರುಗಣೆಗೆ ಕೊಟ್ಟು ಕಡೆದು, ತಿರುಗುತ್ತಿರುವಾಗಲೇ ಅರಗಿನ ಕಡ್ಡಿ ಒತ್ತಿ ಬಣ್ಣ ಹಿಡಿಸಿದ ಗೊಂಬೆಗಳು ಅವು. ಅರಗಿನ ಹೊಳಪಿನಿಂದ ಬಲ್ಬಿನ ಬಿಳಿ ಚುಕ್ಕೆ ಹೊಟ್ಟೆಯ ಮೇಲೆ ಕಾಣುತ್ತದೆ. ಬಲ್ಬಿನ ಮುಂದೆ ಒಂದು ಗೇಣು ದೂರದಲ್ಲಿ ಬಟರ್ ಪೇಪರ್ ಅಥವಾ ಹಳೇ ಬಿಳಿ ಪಂಚೆಯ ತುಂಡು ಇಳಿಬಿಟ್ಟರೆ ಚುಕ್ಕೆ ಹರಡಿ ಮಾಯವಾಗುತ್ತದೆ. ಅವಕ್ಕೆ ಕೈಕಾಲಿನ ಕೀಲು ಇಲ್ಲ, ಮತ್ತೆ ನಡೆಸುವುದು ಹೇಗೆ ಎನ್ನುತ್ತೀರಾ? ಮೊದಲ ಚಿತ್ರದ ಹಸಿರು ಸಿಪಾಯಿಗಳನ್ನು ನೆನೆಸಿಕೊಳ್ಳಿ. ಅವರ ಎರಡೂ ಕಾಲು ಒಂದೇ ಹಲಗೆಗೆ ಅಂಟಿವೆ. ಅವರು ಹೇಗೆ ನಡೆಯಬಹುದು ಎಂದು ತಿಳಿಯಲು ಅನಿಮೇಶನ್ ತಂಡದವರು ಶೂಗಳನ್ನು ಹಲಗೆಗೆ ಮೊಳೆ ಹೊಡೆದು, ಕಾಲಿಗೆ ಹಾಕಿಕೊಂಡು ಓಡಾಡಿ ನೋಡಿದ್ದರು. ಚನ್ನಪಟ್ಟಣದ ರಾಜನೂ ಹಾಗೇ ನಡೆಯಲಿ, ವಾಲಾಡುತ್ತ.

ಒಂದು ಹೆಜ್ಜೆಗೆ 6 ಫೋಟೊ. ಬಲ ಅಂಚಿನ ಕೆಳಗೆ ಕಡಲೆ ಗಾತ್ರದ ಕ್ಲೇ ಇಟ್ಟು ತುಸು ವಾಲಿಸಿ ಒಂದು, ಇನ್ನೂ ತುಸು ವಾಲಿಸಿ ಎರಡು. ಎತ್ತಿದ ಬದಿಯನ್ನು 5 ಮಿ.ಮೀ. ಮುಂದಕ್ಕೆ ತಿರುಗಿಸಿ ಮೂರು, ಇನ್ನೊಂದು 5 ಮಿ.ಮೀ. ತಿರುಗಿಸಿ ನಾಲ್ಕು. ಕ್ಲೇ ತೆಗೆದು ಕೆಳಗಿಳಿಸಿ ಐದು, ಕದಲಿಸದೆ ಆರು. ಆಮೇಲೆ ಎಡ ಬದಿ. ಸೆಕೆಂಡಿಗೆ ಎರಡು ಹೆಜ್ಜೆ ಬಂತು. ಕ್ಲೇ ಕ್ಯಾಮೆರಾಗೆ ಕಾಣದಂತೆ ಹಿಂಬದಿಯಲ್ಲಿ ಅಡಗಿರಲಿ. ಚಕ್ರದ ಗಾಡಿಯಾದರೆ ಸಮವಾಗಿ ಎಳೆಯಬೇಡಿ. 1, 2, 4, 6, 6, 6, 4, 2, 1 ಮಿ.ಮೀ. ಹೀಗೆ ನಿಧಾನ ಶುರುವಾಗಿ ನಿಧಾನ ನಿಲ್ಲಲಿ. ಸಮವಾಗಿ ಸರಿದದ್ದನ್ನು ಕಣ್ಣು ಯಾರೋ ತಳ್ಳಿದರು ಎಂದು ಓದುತ್ತದೆ, ನಿಧಾನವಾಗಿ ಎದ್ದು ಹೊರಟದ್ದನ್ನು ಜೀವ ಇದೆ ಎಂದು. ಗೊಂಬೆ ಬಿದ್ದರೆ ಮತ್ತೆ ಅದೇ ಜಾಗಕ್ಕೆ ನಿಲ್ಲಿಸಲು ಹಿಂಬದಿಯಲ್ಲಿ ಪೆನ್ಸಿಲ್ ಗುರುತು ಹಾಕುತ್ತ ಹೋಗಲಿ.

ತಮ್ಮನಿಗೆ ಫೋಟೊ ಒತ್ತುವ ಕೆಲಸ ಕೊಡಿ, ಗೊಂಬೆ ಮುಟ್ಟುವ ಕೆಲಸ ಅಕ್ಕನಿಗೆ. ಇಬ್ಬರೂ ಮುಟ್ಟಿದರೆ ಜಗಳ ಖಂಡಿತ. ಮೊದಲ ದಿನಕ್ಕೆ 60 ಫೋಟೊ, ಅಂದರೆ 5 ಸೆಕೆಂಡು, ಸಾಕು. ಅದಕ್ಕೇ ಒಂದು ಗಂಟೆ ಹಿಡಿಯುತ್ತದೆ. ನಿಲ್ಲಿಸುವಾಗ ಗೊಂಬೆ, ದೀಪ, ಡಬ್ಬಿ ಯಾವುದನ್ನೂ ಕದಲಿಸಬೇಡಿ, ಮರುದಿನ ನೆಲ ಒರೆಸುವವರಿಗೂ ಹೇಳಿಡಿ. ಮಾತನ್ನು ಕೊನೆಗೆ ಧ್ವನಿಮುದ್ರಣ ಮಾಡಿ, ಕನ್ನಡದಲ್ಲೇ. ಹಾಲಿನಲ್ಲಿ ಮಾಡಿದರೆ ಗೋಡೆಯ ಪ್ರತಿಧ್ವನಿ, ಜೊತೆಗೆ ಬೀದಿಯ ಆಟೋ ಹಾರನ್. ಬೀರುವಿನ ಬಾಗಿಲು ತೆರೆದು, ನೇತುಹಾಕಿದ ಸೀರೆಗಳ ನಡುವೆ ಫೋನ್ ಹಿಡಿದು ಮಾತಾಡಿದರೆ ದನಿ ಸ್ಟುಡಿಯೋದಲ್ಲಿ ಬಂದಷ್ಟೇ ಸ್ವಚ್ಛವಾಗಿ ಬರುತ್ತದೆ.